ಕಿಟ್ ಲೆನ್ಸ್ ಆದಮೇಲೆ ಯಾವ ಲೆನ್ಸ್? ದಸರೆಗೆ ಮುಂಚೆ ಒಂದಿಷ್ಟು ಲೆಕ್ಕ

ಮಂಡ್ಯದಲ್ಲಿರುವ ನನ್ನ ಅಕ್ಕನ ಮಗ ಕಳೆದ ವರ್ಷ ಸೆಕೆಂಡ್ ಹ್ಯಾಂಡ್ ಕ್ಯಾಮೆರಾ ಒಂದನ್ನು ಕೊಂಡ. ನಿಕಾನ್ ಡಿ5300, ಜೊತೆಗೆ ಬಂದ 18-55 ಲೆನ್ಸ್. ದಸರೆಗೆ ಮೈಸೂರಿಗೆ ಬಂದವನು ಮೂರು ದಿನ ನಮ್ಮ ಮನೆಯಲ್ಲೇ ಇದ್ದ. ಹಗಲು ತೆಗೆದ ಫೋಟೋಗಳೆಲ್ಲ ಚೆನ್ನಾಗಿದ್ದವು. ಸಂಜೆ ಅರಮನೆ ಮುಂದಿನ ವೇದಿಕೆಯಲ್ಲಿ ಕುಣಿದವರ ಫೋಟೋ ಮಾತ್ರ ಒಂದೂ ಸರಿಯಾಗಿ ಬಂದಿರಲಿಲ್ಲ. ಮುಖ ಇದ್ದಲ್ಲಿ ಮುಖವಿಲ್ಲ, ಕೈ ಇದ್ದಲ್ಲಿ ಹೊಗೆ ಎಳೆದ ಹಾಗೆ ಒಂದು ಗೆರೆ.

"ಮಾವ, ಹದಿನೈದು ಸಾವಿರದೊಳಗೆ ಒಂದ್ ಒಳ್ಳೇ ಲೆನ್ಸ್ ಹೇಳಿ" ಅಂದ.

"ಏನ್ ತೆಗೆಯೋಕೋ?" ಅಂದೆ.

"ಎಲ್ಲಾದಕ್ಕೂ."

ಎಲ್ಲದಕ್ಕೂ ಆಗುವ ಲೆನ್ಸ್ ಅವನ ಕೈಯಲ್ಲಾಗಲೇ ಇತ್ತು. ಕ್ಯಾಮೆರಾ ಜೊತೆಗೇ ಬರುವ ಕಿಟ್ ಲೆನ್ಸ್ ಅಂದರೆ ಅದೇ ತಾನೇ. ಎರಡನೆಯ ಲೆನ್ಸ್ ಕೊಳ್ಳುವುದು ಯಾವುದೋ ಒಂದು ಕೆಲಸಕ್ಕೆ. ಆ ಕೆಲಸ ಯಾವುದು ಎಂದು ಗೊತ್ತಾದರೆ ಲೆನ್ಸ್ ಹೆಸರು ತಾನಾಗಿಯೇ ಬರುತ್ತದೆ. ಗೊತ್ತಾಗದಿದ್ದರೆ ಹದಿನೈದು ಸಾವಿರ ಬೀರುವಿನಲ್ಲಿ ಕೂರುತ್ತದೆ. ಅದನ್ನು ಗೊತ್ತು ಮಾಡಿಕೊಳ್ಳಲು ಲೆನ್ಸ್ ಮೇಲೆ ಬರೆದಿರುವ ಎರಡು ಅಂಕಿಗಳ ಅರ್ಥ ತಿಳಿದರೆ ಸಾಕು.

ಮೊದಲನೆಯ ಅಂಕಿ: ಎಂಎಂ

ಲೆನ್ಸ್ ಮೇಲೆ 18-55ಎಂಎಂ, 50ಎಂಎಂ, 70-300ಎಂಎಂ ಎಂದೆಲ್ಲ ಬರೆದಿರುತ್ತದೆ. ಇದಕ್ಕೆ ಫೋಕಲ್ ಲೆಂತ್ ಅನ್ನುತ್ತಾರೆ. ಲೆನ್ಸಿನ ಉದ್ದವನ್ನು ಸ್ಕೇಲ್ ಇಟ್ಟು ಅಳೆದ ಅಳತೆ ಇದಲ್ಲ. ಎಷ್ಟು ಅಗಲದ ನೋಟ ಚೌಕಟ್ಟಿನೊಳಗೆ ಬರುತ್ತದೆ ಎನ್ನುವುದನ್ನು ಇದು ಹೇಳುತ್ತದೆ.

ಮನೆಯ ಕಿಟಕಿಗೆ ಮೂಗು ಹಚ್ಚಿ ನಿಂತರೆ ಇಡೀ ಬೀದಿ ಕಾಣುತ್ತದೆ. ಅದೇ ಕಿಟಕಿಯಿಂದ ಹತ್ತು ಹೆಜ್ಜೆ ಹಿಂದೆ ಬಂದು ನಿಂತರೆ ಎದುರು ಮನೆಯ ಬಾಗಿಲಷ್ಟೇ ಕಾಣುತ್ತದೆ. ಕಿಟಕಿಗೆ ಹತ್ತಿರ ನಿಂತದ್ದು 18ಎಂಎಂ, ದೂರ ನಿಂತದ್ದು 300ಎಂಎಂ. ಸಂಖ್ಯೆ ಚಿಕ್ಕದಾದಷ್ಟೂ ನೋಟ ಅಗಲ. ದೊಡ್ಡದಾದಷ್ಟೂ ನೋಟ ಕಿರಿದು, ಆದರೆ ದೂರದ್ದು ಹತ್ತಿರ ಬಂದಂತೆ.

ಎರಡು ಅಂಕಿ ಇದ್ದರೆ ಅದು ಜೂಮ್ ಲೆನ್ಸ್. ಒಂದೇ ಅಂಕಿ ಇದ್ದರೆ ಪ್ರೈಮ್ ಲೆನ್ಸ್, ಅಂದರೆ ಜೂಮ್ ಆಗದ್ದು. ಹತ್ತಿರ ಬೇಕಾದರೆ ನೀವೇ ನಡೆಯಬೇಕು.

ಇದನ್ನು ಲೆಕ್ಕಕ್ಕೆ ಇಳಿಸಬಹುದು, ತುಂಬ ಸುಲಭ. ಮೊದಲ ಕ್ಯಾಮೆರಾ ಆಗಿ ನಮ್ಮಲ್ಲಿ ಹೆಚ್ಚಿನವರು ಕೊಳ್ಳುವ ಕ್ಯಾಮೆರಾಗಳ ಸೆನ್ಸರ್, ಅಂದರೆ ಒಳಗೆ ಬೆಳಕು ಹಿಡಿಯುವ ಫಲಕ, ಸುಮಾರು 23 ಮಿಲಿಮೀಟರ್ ಅಗಲ ಇರುತ್ತದೆ. ಎದುರಿರುವ ವಸ್ತು ಎಷ್ಟು ಅಡಿ ದೂರದಲ್ಲಿದೆಯೋ ಅದನ್ನು 23ರಿಂದ ಗುಣಿಸಿ, ಲೆನ್ಸಿನ ಎಂಎಂನಿಂದ ಭಾಗಿಸಿ. ಚೌಕಟ್ಟಿನೊಳಗೆ ಎಷ್ಟು ಅಡಿ ಅಗಲ ಹಿಡಿಸುತ್ತದೆ ಎಂದು ಗೊತ್ತಾಗುತ್ತದೆ. ಎತ್ತರ ಬೇಕಾದರೆ ಅದರ ಮೂರರಲ್ಲಿ ಎರಡು ಪಾಲು.

ಹತ್ತು ಅಡಿ ದೂರದಲ್ಲಿ ನಿಂತವರನ್ನು 18ಎಂಎಂನಲ್ಲಿ ನೋಡಿದರೆ ಸುಮಾರು 13 ಅಡಿ ಅಗಲ ಸಿಗುತ್ತದೆ. ಇಡೀ ಕುಟುಂಬ ಹಿಡಿಸುತ್ತದೆ. 35ಎಂಎಂನಲ್ಲಿ ಆರೂವರೆ ಅಡಿ. 50ಎಂಎಂನಲ್ಲಿ ನಾಲ್ಕೂವರೆ ಅಡಿ, ಅಂದರೆ ಇಬ್ಬರು ಒತ್ತಿಕೊಂಡು ನಿಲ್ಲಬೇಕು.

ಅರಮನೆಯನ್ನೇ ತಗೊಳ್ಳಿ. ಅದರ ಮುಂಭಾಗದ ಉದ್ದ 245 ಅಡಿ ಎಂದು ಹೇಳುತ್ತಾರೆ. 18ಎಂಎಂನಲ್ಲಿ ಇಡೀ ಅರಮನೆ ಹಿಡಿಸಲು ಸುಮಾರು 190 ಅಡಿ ಹಿಂದೆ ನಿಂತರೆ ಆಯಿತು. ಮುಂದೆ ಅಷ್ಟು ಬಯಲು ಧಾರಾಳವಾಗಿ ಇದೆ. ಅರಮನೆಗಾಗಿ ಅಂತ ಬೇರೆ ವೈಡ್ ಲೆನ್ಸ್ ಕೊಳ್ಳುವ ಅಗತ್ಯ ಇಲ್ಲ ಎಂದು ಈ ಒಂದು ಭಾಗಾಕಾರ ಹೇಳಿಬಿಡುತ್ತದೆ.

ಎರಡನೆಯ ಅಂಕಿ: ಎಫ್ ಸಂಖ್ಯೆ

ಹೆಚ್ಚಿನವರು ತಲೆ ಕೆಡಿಸಿಕೊಳ್ಳುವುದು ಇಲ್ಲಿ. ಎಫ್ 1.8, ಎಫ್ 3.5-5.6 ಎಂದೆಲ್ಲ ಇರುತ್ತದೆ. ಲೆನ್ಸಿನೊಳಗೆ ಬೆಳಕು ಬರುವ ತೂತೊಂದು ಇದೆ. ಅದನ್ನು ಅಪರ್ಚರ್ ಎನ್ನುತ್ತಾರೆ. ಅದು ಎಷ್ಟು ದೊಡ್ಡದಾಗಿ ತೆರೆಯಬಲ್ಲದು ಎನ್ನುವುದೇ ಈ ಅಂಕಿ. ತಮಾಷೆ ಏನೆಂದರೆ ಅಂಕಿ ಚಿಕ್ಕದಾದಷ್ಟೂ ತೂತು ದೊಡ್ಡದು.

ಇದೇನು ತಲೆಕೆಳಗು ಅನ್ನಬೇಡಿ. ಎಫ್ ಸಂಖ್ಯೆ ಒಂದು ಭಾಗ. ಒಂದು ಹೋಳಿಗೆಯನ್ನು ಇಬ್ಬರಿಗೆ ಹಂಚಿದರೆ ಪಾಲು ದೊಡ್ಡದು, ಎಂಟು ಜನಕ್ಕೆ ಹಂಚಿದರೆ ಪಾಲು ಚಿಕ್ಕದು. ಹಾಗೆಯೇ ಎಫ್ 2 ಅಂದರೆ ಫೋಕಲ್ ಲೆಂತಿನ ಎರಡರಲ್ಲೊಂದು ಪಾಲು, ಎಫ್ 8 ಅಂದರೆ ಎಂಟರಲ್ಲೊಂದು ಪಾಲು. 50ಎಂಎಂ ಲೆನ್ಸಿನಲ್ಲಿ ಎಫ್ 1.8 ಅಂದರೆ 50ನ್ನು 1.8ರಿಂದ ಭಾಗಿಸಿ: ಸುಮಾರು 28 ಮಿಲಿಮೀಟರ್. ಹತ್ತು ರೂಪಾಯಿ ನಾಣ್ಯದಷ್ಟು ತೂತು. ನಿಮ್ಮ ಕಿಟ್ ಲೆನ್ಸನ್ನು 55ಎಂಎಂಗೆ ಪೂರ್ತಿ ಜೂಮ್ ಮಾಡಿದಾಗ ಎಫ್ 5.6. ಅಂದರೆ ಸುಮಾರು 10 ಮಿಲಿಮೀಟರ್, ಹೆಚ್ಚುಕಡಿಮೆ ಅಂಗಿಯ ಗುಂಡಿಯಷ್ಟು.

ನಾಣ್ಯಕ್ಕೂ ಗುಂಡಿಗೂ ಎಷ್ಟು ವ್ಯತ್ಯಾಸ ಅಂತೀರಾ? ಎಫ್ 1.8ರಲ್ಲಿ ಸೆನ್ಸರ್ ಮೇಲೆ ಬೀಳುವ ಬೆಳಕು ಎಫ್ 5.6ಕ್ಕಿಂತ ಸುಮಾರು ಹತ್ತು ಪಟ್ಟು ಜಾಸ್ತಿ.

ಹತ್ತು ಪಟ್ಟು ಬೆಳಕು ಬಂದರೆ ಏನಾಗುತ್ತದೆ? ವಿಶ್ವೇಶ್ವರಯ್ಯ ನಾಲೆಯ ತೂಬು ನೆನಪಿಸಿಕೊಳ್ಳಿ. ಗದ್ದೆಗೆ ಇಷ್ಟು ನೀರು ಬೇಕು ಎಂದು ಲೆಕ್ಕ ಇದೆ. ತೂಬಿನ ಬಾಯಿ ದೊಡ್ಡದಿದ್ದರೆ ಸ್ವಲ್ಪ ಹೊತ್ತು ತೆರೆದರೆ ಸಾಕು. ಚಿಕ್ಕದಿದ್ದರೆ ರಾತ್ರಿಯಿಡೀ ಕಾಯಬೇಕು. ಕ್ಯಾಮೆರಾದಲ್ಲಿ ತೂಬಿನ ಬಾಯಿ ಅಪರ್ಚರ್, ತೆರೆದಿಡುವ ಹೊತ್ತು ಶಟರ್ ಸ್ಪೀಡ್. ಕಿಟ್ ಲೆನ್ಸಿನಲ್ಲಿ ವೇದಿಕೆಯ ಬೆಳಕಿಗೆ ಸೆಕೆಂಡಿನ ಹತ್ತನೇ ಒಂದು ಭಾಗ ತೆರೆದಿಡಬೇಕಾಗಿದ್ದರೆ, ಎಫ್ 1.8ರಲ್ಲಿ ನೂರನೇ ಒಂದು ಭಾಗ ಸಾಕು. ಹತ್ತನೇ ಒಂದು ಭಾಗದಲ್ಲಿ ಕುಣಿಯುವವಳ ಕೈ ಒಂದಡಿ ಸರಿದುಬಿಡಬಹುದು. ಅಳಿಯನ ಫೋಟೋದಲ್ಲಿ ಕಂಡ ಹೊಗೆಯಂಥ ಗೆರೆ ಅದೇ.

ಕ್ಯಾಮೆರಾದಲ್ಲಿ ಐಎಸ್ಒ ಅನ್ನುವ ಸೆಟ್ಟಿಂಗ್ ಇದೆಯಲ್ಲ, ಅದನ್ನು ಏರಿಸಿದರೆ ಆಗದಾ ಎಂದು ಕೇಳಬಹುದು. ಆಗುತ್ತದೆ, ಒಂದು ಮಟ್ಟದವರೆಗೆ. ಐಎಸ್ಒ ಬೆಳಕನ್ನು ಹೆಚ್ಚು ಮಾಡುವುದಿಲ್ಲ, ಬಂದಷ್ಟನ್ನು ಜೋರು ಮಾಡುತ್ತದೆ. ಸಣ್ಣ ದನಿಯಲ್ಲಿ ಮಾತಾಡಿದ ರೆಕಾರ್ಡಿಂಗಿಗೆ ವಾಲ್ಯೂಮ್ ಏರಿಸಿದರೆ ಮಾತಿನ ಜೊತೆ ಗೊರಗೊರ ಸದ್ದೂ ಏರುತ್ತದಲ್ವಾ, ಹಾಗೆ. ಫೋಟೋದಲ್ಲಿ ಅದು ರವೆ ಚೆಲ್ಲಿದ ಹಾಗೆ ಕಾಣುತ್ತದೆ.

ದೊಡ್ಡ ತೂತಿಗೆ ಇನ್ನೊಂದು ಗುಣ ಇದೆ. ಹಿಂದಿನದ್ದೆಲ್ಲ ಮಸುಕಾಗಿ ಎದುರಿನ ಮುಖ ಎದ್ದು ಕಾಣುತ್ತದೆ. ಎಲ್ಲರೂ ಆಸೆಪಡುವುದು ಇದಕ್ಕೇ. ಆದರೆ ಇದರಲ್ಲೊಂದು ಬಲೆಯೂ ಇದೆ. ಐದಡಿ ದೂರದಿಂದ 50ಎಂಎಂ, ಎಫ್ 1.8ರಲ್ಲಿ ತೆಗೆದರೆ ಸ್ಪಷ್ಟವಾಗಿ ಕಾಣುವ ಆಳ ಸುಮಾರು 6 ಸೆಂಟಿಮೀಟರ್ ಮಾತ್ರ. ಕಣ್ಣಿಗೆ ಫೋಕಸ್ ಆದರೆ ಕಿವಿ ಮಸುಕು. ಎರಡು ಸಾಲಿನಲ್ಲಿ ನಿಂತ ಮದುವೆ ಗುಂಪನ್ನು ಹೀಗೆ ತೆಗೆದರೆ ಹಿಂದಿನ ಸಾಲಿನ ದೊಡ್ಡಪ್ಪಂದಿರು ಜನ್ಮ ಪೂರ್ತಿ ನಿಮ್ಮನ್ನು ಕ್ಷಮಿಸುವುದಿಲ್ಲ. ಎಫ್ 1.8 ಲೆನ್ಸ್ ಕೊಂಡ ಮಾತ್ರಕ್ಕೆ ಯಾವಾಗಲೂ 1.8ರಲ್ಲೇ ತೆಗೆಯಬೇಕೆಂದಿಲ್ಲ. ಎಫ್ 4ಕ್ಕೆ ಇಟ್ಟರೆ ಆ 6 ಸೆಂಟಿಮೀಟರ್ 13-14 ಆಗುತ್ತದೆ.

ದೋಸೆಯೂ ಸೆನ್ಸರೂ

"50ಎಂಎಂ ಲೆನ್ಸ್ ಈ ಕ್ಯಾಮೆರಾದಲ್ಲಿ 75 ಆಗುತ್ತಂತೆ, ಹೌದಾ?" ಇದು ಎಲ್ಲರೂ ಕೇಳುವ ಪ್ರಶ್ನೆ. ಲೆನ್ಸ್ 50ಎಂಎಂ ಆಗಿಯೇ ಇರುತ್ತದೆ, ಬದಲಾಗುವುದಿಲ್ಲ.

ಲೆನ್ಸ್ ಒಳಗೆ ಬೀರುವ ಚಿತ್ರ ದೋಸೆಯಂತೆ ದುಂಡಗಿರುತ್ತದೆ. ಸೆನ್ಸರ್ ಅದರಿಂದ ಆಯತಾಕಾರದ ಒಂದು ತುಂಡನ್ನು ಕತ್ತರಿಸಿಕೊಳ್ಳುತ್ತದೆ. ಹಳೆಯ 35ಎಂಎಂ ಫಿಲ್ಮಿನಷ್ಟೇ ದೊಡ್ಡ, ಅಂದರೆ 36 ಬೈ 24 ಮಿಲಿಮೀಟರ್ ತುಂಡು ಕತ್ತರಿಸುವ ಕ್ಯಾಮೆರಾಗೆ ಫುಲ್ ಫ್ರೇಮ್ ಎನ್ನುತ್ತಾರೆ. ಅದಕ್ಕಿಂತ ಚಿಕ್ಕ ತುಂಡು ಕತ್ತರಿಸುವುದು ಎಪಿಎಸ್-ಸಿ ಅಥವಾ ಕ್ರಾಪ್ ಸೆನ್ಸರ್. ತುಂಡು ಚಿಕ್ಕದಾದ್ದರಿಂದ ನೋಟ ಕಿರಿದಾಗುತ್ತದೆ, ಅಷ್ಟೇ. ಎಷ್ಟು ಕಿರಿದು ಎಂದು ಹೇಳಲು ನಿಕಾನ್, ಸೋನಿಯಲ್ಲಿ 1.5ರಿಂದ, ಕ್ಯಾನನ್‌ನಲ್ಲಿ 1.6ರಿಂದ ಗುಣಿಸುತ್ತಾರೆ. ಫುಲ್ ಫ್ರೇಮ್ ಕ್ಯಾಮೆರಾ ಬಳಸದವರು ಈ ಗುಣಾಕಾರವನ್ನು ಮರೆತರೂ ನಷ್ಟವಿಲ್ಲ. ಮೇಲೆ ಹೇಳಿದ 23ರ ಲೆಕ್ಕ ಸಾಕು.

ಕೊಳ್ಳುವ ಮುಂಚೆ ಹಳೆಯ ಫೋಟೋ ತೆರೆಯಿರಿ

ನೀವು ತೆಗೆದ ಪ್ರತಿ ಫೋಟೋದ ಒಳಗೆ ಅದನ್ನು ಎಷ್ಟು ಎಂಎಂನಲ್ಲಿ, ಯಾವ ಎಫ್ ಸಂಖ್ಯೆಯಲ್ಲಿ, ಎಷ್ಟು ಶಟರ್ ಸ್ಪೀಡಿನಲ್ಲಿ ತೆಗೆದಿರಿ ಎನ್ನುವುದು ದಾಖಲಾಗಿರುತ್ತದೆ. ಕಂಪ್ಯೂಟರಿನಲ್ಲಿ ಫೋಟೋದ ಪ್ರಾಪರ್ಟೀಸ್ ನೋಡಿದರೆ ಸಿಗುತ್ತದೆ. ಒಂದು ಇನ್ನೂರು ಫೋಟೋ ನೋಡಿ. ಚೆನ್ನಾಗಿ ಬಂದವನ್ನು ಬಿಡಿ, ಕೆಟ್ಟವನ್ನು ನೋಡಿ.

ಕೆಟ್ಟವೆಲ್ಲ ಕತ್ತಲಲ್ಲಿ ಅಲುಗಾಡಿದವಾ? ನಿಮಗೆ ಬೆಳಕು ಬೇಕು. ಕೆಟ್ಟವೆಲ್ಲ 55ಎಂಎಂನಲ್ಲಿ ತೆಗೆದು ಹಕ್ಕಿ ಸಾಸಿವೆ ಕಾಳಿನಷ್ಟು ಕಂಡವಾ? ನಿಮಗೆ ದೂರ ಬೇಕು. 18ಎಂಎಂನಲ್ಲಿ ಗೋಡೆಗೆ ಬೆನ್ನು ತಾಗಿದರೂ ಕೋಣೆ ಹಿಡಿಸಲಿಲ್ಲವಾ? ಅಗಲ ಬೇಕು. ಫೋಟೋ ಎಲ್ಲ ಸರಿ ಇವೆ, ಸುಮ್ನೆ ಬೇಜಾರು ಅಂತ ಅನಿಸುತ್ತಿದೆಯಾ? ಲೆನ್ಸ್ ಬೇಡ. ಮುಂಜಾನೆ ಆರಕ್ಕೆ ಎದ್ದು ಕುಕ್ಕರಹಳ್ಳಿ ಕೆರೆಗೆ ಹೋಗಿ.

ನನ್ನ ಅಳಿಯನ ಇನ್ನೂರು ಫೋಟೋದಲ್ಲಿ ಹಾಳಾದವು ಅರವತ್ತರಷ್ಟು. ಅದರಲ್ಲಿ ಐದಾರು ಬಿಟ್ಟು ಉಳಿದವೆಲ್ಲ ಸಂಜೆ ಆರೂವರೆಯ ನಂತರದವು.

ಬೆಳಕು ಬೇಕಾದವರಿಗೆ

ಕಡಿಮೆ ಬೆಲೆಗೆ ಹೆಚ್ಚು ಬೆಳಕು ಕೊಡುವುದು ಪ್ರೈಮ್ ಲೆನ್ಸ್. ಯಾಕೆ ಅಗ್ಗ? ಜೂಮ್ ಆಗಬೇಕಾದರೆ ಒಳಗೆ ಗಾಜುಗಳು ಹಿಂದೆ ಮುಂದೆ ಸರಿಯಬೇಕು, ಪ್ರತಿ ಹಂತದಲ್ಲೂ ಚಿತ್ರ ಚೆನ್ನಾಗಿ ಬರಬೇಕು. ಪ್ರೈಮ್‌ಗೆ ಆ ತಾಪತ್ರಯ ಇಲ್ಲ. ಒಂದೇ ನೋಟಕ್ಕೆ ಮಾಡಿದ್ದರಿಂದ ಗಾಜು ಕಡಿಮೆ, ತೂಕ ಕಡಿಮೆ. ಕ್ಯಾನನ್‌ನ ಇಎಫ್ 50ಎಂಎಂ ಎಫ್ 1.8 ಎಸ್‌ಟಿಎಂ 160 ಗ್ರಾಂ ಅಷ್ಟೇ. 2015ರಲ್ಲಿ ಬಂದ ಲೆನ್ಸ್ ಅದು, ಈಗಲೂ ಹೊಸಬರ ಮೊದಲ ಆಯ್ಕೆ.

50 ಕೊಳ್ಳುವುದಾ 35 ಕೊಳ್ಳುವುದಾ? ಇಲ್ಲಿ ನನ್ನ ಅಭಿಪ್ರಾಯ ಸ್ವಲ್ಪ ಬೇರೆ. ಎಲ್ಲರೂ 50 ಎನ್ನುತ್ತಾರೆ. ಫಿಲ್ಮ್ ಕಾಲದಿಂದ ಬಂದ ಮಾತು ಅದು, ಆಗ ಚೌಕಟ್ಟು 36 ಮಿಲಿಮೀಟರ್ ಅಗಲ ಇತ್ತು. ಕ್ರಾಪ್ ಸೆನ್ಸರಿನಲ್ಲಿ ಹತ್ತು ಅಡಿ ದೂರಕ್ಕೆ ನಾಲ್ಕೂವರೆ ಅಡಿ ಅಗಲ ಮಾತ್ರ ಸಿಗುತ್ತದೆ ಎಂದು ಆಗಲೇ ಲೆಕ್ಕ ಹಾಕಿದೆವು. ನಮ್ಮ ಹಾಲ್, ಅಡುಗೆಮನೆ ಹತ್ತು ಹನ್ನೆರಡು ಅಡಿಯವು. ಮನೆಯೊಳಗೆ, ದೇವರಾಜ ಮಾರುಕಟ್ಟೆಯ ಇಕ್ಕಟ್ಟಿನ ಸಾಲುಗಳಲ್ಲಿ 50 ಹಿಡಿದರೆ ಹಿಂದೆ ಹೋಗಲು ಜಾಗ ಇರುವುದಿಲ್ಲ, ಬಾಳೆಹಣ್ಣಿನ ಗೊನೆಗೆ ಬೆನ್ನು ತಾಗುತ್ತದೆ. ಒಬ್ಬರ ಮುಖ ಮಾತ್ರ ತೆಗೆಯುವವರಿಗೆ, ವೇದಿಕೆ ಮುಂದೆ ಕೂರುವವರಿಗೆ 50 ಸರಿ. ಮನೆ, ಬೀದಿ, ಮಾರುಕಟ್ಟೆಗೆ 35.

ನಿಕಾನ್ ಡಿಎಸ್‌ಎಲ್‌ಆರ್, ಅಂದರೆ ಒಳಗೆ ಕನ್ನಡಿ ಇರುವ ಹಳೆಯ ಬಗೆಯ ಕ್ಯಾಮೆರಾ ಇದ್ದವರಿಗೆ 2009ರಲ್ಲಿ ಬಂದ ಎಎಫ್-ಎಸ್ ಡಿಎಕ್ಸ್ 35ಎಂಎಂ ಎಫ್ 1.8ಜಿ ಇದೆ. ಕ್ಯಾನನ್ ಡಿಎಸ್‌ಎಲ್‌ಆರ್‌ಗೆ ಇಎಫ್-ಎಸ್ 24ಎಂಎಂ ಎಫ್ 2.8 ಎಸ್‌ಟಿಎಂ ಇದೆ. ಚಕ್ಕುಲಿಯಷ್ಟು ಚಪ್ಪಟೆ ಲೆನ್ಸ್ ಅದು, ಬೆಳಕು ಸ್ವಲ್ಪ ಕಡಿಮೆ, ಆದರೆ ಜೇಬಿಗೆ ಹಗುರ. ಮಿರರ್‌ಲೆಸ್, ಅಂದರೆ ಆ ಕನ್ನಡಿ ಇಲ್ಲದ ಹೊಸ ಬಗೆಯ ಕ್ಯಾಮೆರಾ ಇದ್ದವರಿಗೆ ಕ್ಯಾನನ್ ಆರ್‌ಎಫ್ 50ಎಂಎಂ ಎಫ್ 1.8, ನಿಕಾನ್ ಜೆಡ್ 40ಎಂಎಂ ಎಫ್ 2 ಇವೆ. ಸೋನಿ ಇದ್ದವರು ಸಿಗ್ಮಾದ 30ಎಂಎಂ ಎಫ್ 1.4 ನೋಡಬಹುದು. ಬೆಲೆ ತಿಂಗಳಿಗೊಮ್ಮೆ ಬದಲಾಗುತ್ತದೆ, ಕೊಳ್ಳುವ ದಿನ ಎರಡು ಮೂರು ಕಡೆ ವಿಚಾರಿಸಿ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ರಾತ್ರಿ ಫೋಟೋ ಎಂದ ಕೂಡಲೇ ಎಫ್ 1.8 ಬೇಕು ಎಂದುಕೊಳ್ಳಬೇಡಿ. ದೀಪ ಹಾಕಿದ ಅರಮನೆ ಕುಣಿಯುವುದಿಲ್ಲ. ಸುಮಾರು ಒಂದು ಲಕ್ಷ ಬಲ್ಬು ಉರಿಯುತ್ತಿದ್ದರೂ ಕಟ್ಟಡ ನಿಂತಲ್ಲೇ ನಿಂತಿರುತ್ತದೆ. ಕ್ಯಾಮೆರಾ ಅಲುಗದಿದ್ದರೆ ಸೆಕೆಂಡುಗಟ್ಟಲೆ ಶಟರ್ ತೆರೆದಿಡಬಹುದು, ಕಿಟ್ ಲೆನ್ಸಿನಲ್ಲೇ ಎಫ್ 8ರಲ್ಲಿ ತೆಗೆಯಬಹುದು. ಅದಕ್ಕೆ ಬೇಕಾದದ್ದು ಟ್ರೈಪಾಡ್. ಆವರಣದೊಳಗೆ ಟ್ರೈಪಾಡ್ ಬಿಡುತ್ತಾರಾ ಎಂದು ಬಾಗಿಲಲ್ಲೇ ಕೇಳಿಕೊಳ್ಳಿ. ಇಲ್ಲದಿದ್ದರೆ ಕಟ್ಟೆ ಮೇಲೆ ಬ್ಯಾಗ್ ಇಟ್ಟು, ಅದರ ಮೇಲೆ ಕ್ಯಾಮೆರಾ ಇಟ್ಟು, ಎರಡು ಸೆಕೆಂಡಿನ ಟೈಮರ್ ಹಾಕಿ. ಕತ್ತಲಲ್ಲಿ ಅಲುಗಾಡುವ ವಸ್ತುವಿಗೆ ಲೆನ್ಸ್, ಅಲುಗಾಡದ ವಸ್ತುವಿಗೆ ಟ್ರೈಪಾಡ್.

ಬನ್ನಿಮಂಟಪದ ಪಂಜಿನ ಕವಾಯತು ಮಧ್ಯದಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ. ಪಂಜು ಓಡುತ್ತದೆ. ಬೆಂಕಿಯ ಗೆರೆ ಬೇಕಾದರೆ ನಿಧಾನ ಶಟರ್, ಪಂಜು ಹಿಡಿದವನ ಮುಖ ಬೇಕಾದರೆ ವೇಗದ ಶಟರ್. ಎರಡೂ ಒಂದೇ ಫೋಟೋದಲ್ಲಿ ಬರುವುದಿಲ್ಲ.

ದೂರ ಬೇಕಾದವರಿಗೆ

ಮೈಸೂರು, ಮಂಡ್ಯದವರ ಕೈಗೆ ಕ್ಯಾಮೆರಾ ಬಂದರೆ ಒಂದಲ್ಲ ಒಂದು ದಿನ ರಂಗನತಿಟ್ಟಿಗೆ ಹೋಗೇ ಹೋಗುತ್ತಾರೆ. ಇಲ್ಲವೇ ಮದ್ದೂರು ತಾಲ್ಲೂಕಿನ ಕೊಕ್ಕರೆಬೆಳ್ಳೂರಿಗೆ. ಅಲ್ಲಿ ಊರೊಳಗಿನ ಮರಗಳ ಮೇಲೆಯೇ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳು ಗೂಡು ಕಟ್ಟುತ್ತವೆ.

ದೋಣಿಯಲ್ಲಿ ಕೂತಿದ್ದೀರಿ, ಬಂಡೆ ಮೇಲೆ ಬಣ್ಣದ ಕೊಕ್ಕರೆ 50 ಅಡಿ ದೂರದಲ್ಲಿದೆ ಎಂದುಕೊಳ್ಳಿ. ಅದರ ಎತ್ತರ ಸುಮಾರು ಮೂರಡಿ. ಕಿಟ್ ಲೆನ್ಸಿನ 55ಎಂಎಂನಲ್ಲಿ ಚೌಕಟ್ಟಿನ ಅಗಲ 21 ಅಡಿ, ಎತ್ತರ 14 ಅಡಿ. ಮೂರಡಿ ಹಕ್ಕಿ ಒಂದು ಮೂಲೆಯಲ್ಲಿ ಕಳೆದುಹೋಗುತ್ತದೆ. 250ಎಂಎಂ ಹಾಕಿದರೆ ಅಗಲ ನಾಲ್ಕೂವರೆ ಅಡಿ, ಎತ್ತರ ಮೂರಡಿ. ಹಕ್ಕಿ ತುಂಬಿಕೊಳ್ಳುತ್ತದೆ. ಅದೇ ದೂರದಲ್ಲಿ ಮಿಂಚುಳ್ಳಿ ಕೂತಿದ್ದರೆ? ಸಣ್ಣ ಮಿಂಚುಳ್ಳಿ ಆರೂವರೆ ಇಂಚಿನ ಹಕ್ಕಿ. 250ಎಂಎಂನಲ್ಲೂ ಚೌಕಟ್ಟಿನ ಅಗಲದ ಎಂಟನೇ ಒಂದು ಭಾಗ ಮಾತ್ರ. ಅಗ್ಗದ ಲೆನ್ಸಿನಲ್ಲಿ ಕೊಕ್ಕರೆ, ಹೆಜ್ಜಾರ್ಲೆ ಆಗುತ್ತವೆ, ದೂರದ ಮಿಂಚುಳ್ಳಿ ಆಗುವುದಿಲ್ಲ. ಇದನ್ನು ಮೊದಲೇ ತಿಳಿದರೆ ಆಮೇಲೆ ಲೆನ್ಸನ್ನು ಬೈಯುವುದು ತಪ್ಪುತ್ತದೆ.

ಕ್ಯಾನನ್‌ನಲ್ಲಿ ಇಎಫ್-ಎಸ್ 55-250 ಐಎಸ್ ಎಸ್‌ಟಿಎಂ, ನಿಕಾನ್‌ನಲ್ಲಿ 55-200 ವಿಆರ್ ಅಥವಾ ಎಎಫ್-ಪಿ 70-300 ವಿಆರ್ ಈ ಕೆಲಸಕ್ಕೆ ಸಾಕು. ಹೆಸರಿನಲ್ಲಿರುವ ಒಂದೆರಡು ಅಕ್ಷರ ಗಮನಿಸಿ. ಐಎಸ್, ವಿಆರ್, ಸೋನಿಯಲ್ಲಿ ಒಎಸ್‌ಎಸ್, ಟ್ಯಾಮ್ರಾನ್‌ನಲ್ಲಿ ವಿಸಿ: ಹೆಸರು ಬೇರೆ, ಕೆಲಸ ಒಂದೇ. ನಿಮ್ಮ ಕೈ ನಡುಗಿದ್ದನ್ನು ಲೆನ್ಸ್ ಒಳಗಿನ ಗಾಜು ಸರಿದು ಸರಿದೂಗಿಸುತ್ತದೆ. ದೂರದ ಲೆನ್ಸಿನಲ್ಲಿ ಕೈನಡುಕವೂ ದೊಡ್ಡದಾಗಿ ಕಾಣುವುದರಿಂದ ಇದು ಬೇಕೇ ಬೇಕು. ಹಕ್ಕಿ ಅಲುಗಿದರೆ ಮಾತ್ರ ಇದು ಏನೂ ಮಾಡಲಾರದು. ಅದಕ್ಕೆ ಶಟರ್ ಸ್ಪೀಡ್ ಒಂದೇ ದಾರಿ.

ಕ್ಯಾನನ್‌ನ ಅಗ್ಗದ ಇಎಫ್ 75-300 III ಲೆನ್ಸಿನಲ್ಲಿ ಐಎಸ್ ಇಲ್ಲ. ನಿಕಾನ್‌ನ ಎಎಫ್-ಪಿ 70-300 ಎರಡು ಬಗೆಯಲ್ಲಿ ಬಂದಿತ್ತು, ವಿಆರ್ ಇರುವುದು, ಇಲ್ಲದ್ದು. ನೋಡಲು ಅಣ್ಣತಮ್ಮಂದಿರು. ಎರಡು ಮೂರು ಸಾವಿರ ಉಳಿಯಿತು ಎಂದು ಇಲ್ಲದ್ದನ್ನು ತರಬೇಡಿ.

ಜಂಬೂಸವಾರಿಗೆ ಯಾವುದು ಎಂದರೆ, ನೀವು ಎಲ್ಲಿ ಕೂರುತ್ತೀರಿ ಎನ್ನುವುದರ ಮೇಲೆ. ಆನೆ 20 ಅಡಿ ಹತ್ತಿರ ಹಾದುಹೋದರೆ 50ಎಂಎಂನಲ್ಲಿ ಆರಡಿ ಎತ್ತರ ಮಾತ್ರ ಸಿಗುತ್ತದೆ, ಅಂಬಾರಿ ಮೇಲೆ ಕತ್ತರಿಸಿಹೋಗುತ್ತದೆ. 18ಎಂಎಂನಲ್ಲಿ 17 ಅಡಿ. ಅಂಥ ಕಡೆ ಹಳೆಯ ಕಿಟ್ ಲೆನ್ಸೇ ರಾಜ. ಹಗಲಿನ ಬೆಳಕು ಬೇರೆ ಇರುತ್ತದೆ. ಬನ್ನಿಮಂಟಪದ ದಾರಿಯಲ್ಲಿ ಮಹಡಿ ಮೇಲಿಂದ ನೋಡುವವರಿಗೆ 55-250.

ಕುಕ್ಕರ್ ಮುಚ್ಚಳದ ಸಮಸ್ಯೆ

ಒಂದು ಕಂಪನಿಯ ಕುಕ್ಕರಿಗೆ ಇನ್ನೊಂದರ ಮುಚ್ಚಳ ಕೂರುವುದಿಲ್ಲ. ಕ್ಯಾಮೆರಾ ಬಾಯಿಗೆ ಲೆನ್ಸ್ ತಿರುಗಿಸಿ ಕೂರಿಸುವ ಜಾಗಕ್ಕೆ ಮೌಂಟ್ ಎನ್ನುತ್ತಾರೆ, ಅದೂ ಹಾಗೆಯೇ. ನಿಕಾನ್‌ನ ಎಫ್ ಮೌಂಟ್ 1959ರಿಂದ ಇದೆ, ಕ್ಯಾನನ್‌ನ ಇಎಫ್ ಮೌಂಟ್ 1987ರಿಂದ. 2018ರಲ್ಲಿ ಎರಡೂ ಕಂಪನಿಗಳು ಮಿರರ್‌ಲೆಸ್ ಕ್ಯಾಮೆರಾಗಳಿಗಾಗಿ ಜೆಡ್, ಆರ್‌ಎಫ್ ಎಂಬ ಹೊಸ ಮೌಂಟ್ ತಂದವು. ಅಲ್ಲಿಂದ ಜನ ಹಳೆಯದನ್ನು ಮಾರಿ ಹೊಸದಕ್ಕೆ ಹೋಗುತ್ತಿದ್ದಾರೆ. ಡಿಎಸ್‌ಎಲ್‌ಆರ್ ಲೆನ್ಸುಗಳು ಸೆಕೆಂಡ್ ಹ್ಯಾಂಡಿನಲ್ಲಿ ಅಗ್ಗವಾಗಿ ಸಿಗುತ್ತಿರುವುದಕ್ಕೆ ಇದೇ ಕಾರಣ. ಹೊಸಬರಿಗೆ ಲಾಭದ ಕಾಲ ಇದು.

ಅಡಾಪ್ಟರ್ ಹಾಕಿ ಕ್ಯಾನನ್ ಇಎಫ್ ಲೆನ್ಸನ್ನು ಆರ್‌ಎಫ್ ಕ್ಯಾಮೆರಾದಲ್ಲಿ ಬಳಸಬಹುದು, ಆಟೋಫೋಕಸ್ ಸಮೇತ. ತಿರುಗಾ ಆಗುವುದಿಲ್ಲ, ಅಂದರೆ ಆರ್‌ಎಫ್ ಲೆನ್ಸ್ ಹಳೆಯ ಡಿಎಸ್‌ಎಲ್‌ಆರ್‌ಗೆ ಕೂರುವುದಿಲ್ಲ.

ನಿಕಾನ್‌ನವರಿಗೆ ಇನ್ನೊಂದು ತೊಡಕು. ಮೌಂಟ್ ಕೂತರೂ ಆಟೋಫೋಕಸ್ ಆಗದಿರಬಹುದು. ಹಳೆಯ ಎಎಫ್-ಡಿ ಲೆನ್ಸುಗಳಲ್ಲಿ ಮೋಟಾರ್ ಇರುವುದಿಲ್ಲ, ಕ್ಯಾಮೆರಾದ ಒಳಗಿನ ಮೋಟಾರ್ ಅವನ್ನು ತಿರುಗಿಸಬೇಕು. ಡಿ3000, ಡಿ5000 ಸಾಲಿನ ಕ್ಯಾಮೆರಾಗಳಲ್ಲಿ ಆ ಮೋಟಾರೇ ಇಲ್ಲ. ನನ್ನ ಅಳಿಯ 50ಎಂಎಂ ಎಫ್ 1.8ಡಿ ಎಂಬ ಲೆನ್ಸನ್ನು ಅಗ್ಗ ಎಂದು ಇನ್ನೇನು ಕೊಳ್ಳುವುದರಲ್ಲಿದ್ದ. ಹೆಸರಿನ ಕೊನೆಯ ಒಂದು ಅಕ್ಷರ ಡಿ ಬದಲು ಜಿ ಆಗಿ, ಮುಂದೆ ಎಎಫ್-ಎಸ್ ಎಂದು ಇದ್ದಿದ್ದರೆ ಸರಿಯಿತ್ತು. ಡಿ ತಂದಿದ್ದರೆ ಪ್ರತಿ ಸಲ ಕೈಯಲ್ಲೇ ಫೋಕಸ್ ತಿರುಗಿಸಬೇಕಿತ್ತು. ಎಎಫ್-ಪಿ ಲೆನ್ಸುಗಳಿಗೆ ಇದರ ಇನ್ನೊಂದು ತುದಿಯ ಕಾಟ. ಅವು ಡಿ3100, ಡಿ5100ರಂಥ ಹಳೆಯ ಕ್ಯಾಮೆರಾಗಳಲ್ಲಿ ಫೋಕಸ್ ಆಗುವುದಿಲ್ಲ. ಅಂಗಡಿಗೆ ಹೋಗುವಾಗ ನಿಮ್ಮ ಕ್ಯಾಮೆರಾವನ್ನು ಜೊತೆಗೆ ಒಯ್ಯಿರಿ, ಅಲ್ಲೇ ಹಾಕಿ ನೋಡಿ. ಇದಕ್ಕಿಂತ ಒಳ್ಳೆಯ ಪರೀಕ್ಷೆ ಇಲ್ಲ.

ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ ಟಾರ್ಚ್ ಇರಲಿ

ನಾನು ಮೊದಲ ಸಲ ಕೊಂಡ ಹಳೆಯ ಲೆನ್ಸ್ ಹೊರಗಿನಿಂದ ಹೊಸದರಂತೆ ಹೊಳೆಯುತ್ತಿತ್ತು. ಬಾಕ್ಸೂ ಇತ್ತು, ಬಿಲ್ಲೂ ಇತ್ತು. ಮನೆಗೆ ತಂದು ಒಂದು ತಿಂಗಳಾದ ಮೇಲೆ ದೀಪದ ಎದುರು ತೆಗೆದ ಫೋಟೋಗಳೆಲ್ಲ ಹಾಲು ಚೆಲ್ಲಿದಂತೆ ಬಂದವು. ಟಾರ್ಚ್ ಬಿಟ್ಟು ನೋಡಿದರೆ ಒಳಗಿನ ಗಾಜಿನ ಅಂಚಿನಲ್ಲಿ ಜೇಡರ ಬಲೆಯಂಥ ಎಳೆಗಳು. ಫಂಗಸ್, ಅಂದರೆ ಬೂಷ್ಟು. ಮಾರಿದವನು ಅಷ್ಟು ಹೊತ್ತಿಗೆ ಫೋನ್ ಎತ್ತುವುದನ್ನು ಬಿಟ್ಟಿದ್ದ.

ಆದ್ದರಿಂದ ಮೊದಲು ಎರಡೂ ಕಡೆಯ ಮುಚ್ಚಳ ತೆಗೆದು, ಒಂದು ಕಡೆಯಿಂದ ಮೊಬೈಲಿನ ಟಾರ್ಚ್ ಓರೆಯಾಗಿ ಬಿಟ್ಟು ಇನ್ನೊಂದು ಕಡೆಯಿಂದ ನೋಡಿ. ನಾಲ್ಕಾರು ಧೂಳಿನ ಕಣ ಇದ್ದರೆ ಚಿಂತೆ ಇಲ್ಲ, ಫೋಟೋದಲ್ಲಿ ಕಾಣುವುದಿಲ್ಲ. ಬಲೆಯಂಥದ್ದು, ಮಂಜಿನಂಥದ್ದು ಕಂಡರೆ ವಾಪಸ್ ಕೊಡಿ. ಮುಂದಿನ ಗಾಜಿನ ಸಣ್ಣ ಗೀರಿಗೂ ಹೆದರಬೇಡಿ, ಬೆಲೆ ಇಳಿಸಲು ಅದು ಒಳ್ಳೆಯ ನೆಪ. ಹಿಂದಿನ ಗಾಜಿನ ಗೀರು ಕೆಟ್ಟದ್ದು.

ಆಮೇಲೆ ನಿಮ್ಮ ಕ್ಯಾಮೆರಾಗೆ ಹಾಕಿ. ಹತ್ತಿರದ್ದೊಂದು, ದೂರದ್ದೊಂದು ವಸ್ತುವಿಗೆ ಹತ್ತು ಸಲ ಫೋಕಸ್ ಮಾಡಿ. ಗರಗರ ಸದ್ದು ಬಂದರೆ, ತಡವರಿಸಿದರೆ ಬೇಡ. ಎಫ್ 1.8ರಲ್ಲೊಂದು, ಎಫ್ 8ರಲ್ಲೊಂದು ಫೋಟೋ ತೆಗೆಯಿರಿ. ಎಫ್ 8ರದ್ದು ವಿಪರೀತ ಬಿಳಿಯಾಗಿ ಬಂದರೆ ಅಪರ್ಚರಿನ ಎಲೆಗಳು ಎಣ್ಣೆ ಹಿಡಿದು ಅಂಟಿಕೊಂಡಿವೆ ಎಂದು ಅನುಮಾನಪಡಿ. ಗೋಡೆಗೆ ಅಂಟಿಸಿದ ದಿನಪತ್ರಿಕೆಯ ಒಂದು ಹಾಳೆಯನ್ನು ನೇರವಾಗಿ ನಿಂತು ತೆಗೆದು, ಪರದೆಯಲ್ಲಿ ನಾಲ್ಕೂ ಮೂಲೆ ದೊಡ್ಡದು ಮಾಡಿ ನೋಡಿ. ಒಂದು ಮೂಲೆ ಮಾತ್ರ ಮಸುಕಾದರೆ ಆ ಲೆನ್ಸ್ ಎಂದೋ ಕೆಳಗೆ ಬಿದ್ದಿರಬಹುದು.

ಹೊಸದನ್ನು ಕೊಳ್ಳುವವರು ಬಿಲ್ ಮತ್ತು ಭಾರತದ ವಾರಂಟಿ ಕಾರ್ಡ್ ಕೇಳಿ. ಹೊರದೇಶದಿಂದ ಬೇರೆ ದಾರಿಯಲ್ಲಿ ಬಂದ ಮಾಲು ಅಗ್ಗ ಇರಬಹುದು, ಕೆಟ್ಟರೆ ಇಲ್ಲಿನ ಸರ್ವಿಸ್ ಸೆಂಟರ್‌ನಲ್ಲಿ ವಾರಂಟಿ ನಡೆಯದೆ ಹೋಗಬಹುದು.

ದಸರೆಯ ನಾಲ್ಕು ದಿನಕ್ಕೆ ಮಾತ್ರ ಬೇಕಿದ್ದರೆ ಬಾಡಿಗೆಗೆ ತನ್ನಿ. ಮದುವೆ ಫೋಟೋ ತೆಗೆಯುವವರನ್ನು ಕೇಳಿದರೆ ದಾರಿ ಹೇಳುತ್ತಾರೆ. ಮೊದಲೇ ಹೇಳಿಡಬೇಕು.

ತಂದ ಮೇಲೆ

ಬೂಷ್ಟು ಬರುವುದು ತೇವ ಮತ್ತು ಕತ್ತಲೆಯಿಂದ. ಕ್ಯಾಮೆರಾ ಬ್ಯಾಗಿನಲ್ಲಿ ತಿಂಗಳುಗಟ್ಟಲೆ ಮುಚ್ಚಿಡುವುದೇ ಅದಕ್ಕೆ ಬೀಜ ಬಿತ್ತಿದ ಹಾಗೆ. ದುಬಾರಿ ಪೆಟ್ಟಿಗೆ ಬೇಕಿಲ್ಲ. ಗಾಳಿಯಾಡದ ಮುಚ್ಚಳವಿರುವ ಪ್ಲಾಸ್ಟಿಕ್ ಡಬ್ಬದಲ್ಲಿ ಸಿಲಿಕಾ ಜೆಲ್ ಹಾಕಿ ಇಡಿ. ಬಣ್ಣ ಬದಲಾಗುವ ಜೆಲ್ ತಂದರೆ ಯಾವಾಗ ನೀರು ಹೀರಿ ತುಂಬಿತು ಎಂದು ಕಾಣುತ್ತದೆ. ಬಿಡಿ ಹರಳನ್ನು ಒಂದು ಹಳೆಯ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬಿಸಿ ಮಾಡಿದರೆ ಮತ್ತೆ ಬಳಸಬಹುದು. ಆ ಬಾಣಲೆಯನ್ನು ಅಡುಗೆಗೆ ಮತ್ತೆ ಬಳಸಬೇಡಿ. ಅಕ್ಕಿ ಡಬ್ಬದಲ್ಲಿ ಲೆನ್ಸ್ ಇಡುವವರೂ ಇದ್ದಾರೆ. ಅಕ್ಕಿಯ ಧೂಳು ಲೆನ್ಸಿನ ಸಂದಿಗೆ ಹೋಗುತ್ತದೆ, ಬೇಡ.

ಅಳಿಯ ಕೊನೆಗೆ ಹಳೆಯ 35ಎಂಎಂ ಎಫ್ 1.8ಜಿ ಕೊಂಡ. ಟಾರ್ಚ್ ಹಿಡಿದುಕೊಂಡೇ ಹೋಗಿದ್ದನಂತೆ. ಮನೆಗೆ ಬಂದವನೇ ಅಡುಗೆಮನೆಯ ಟ್ಯೂಬ್‌ಲೈಟಿನಲ್ಲಿ ರಾಗಿಮುದ್ದೆ ಕಟ್ಟುತ್ತಿದ್ದ ನಮ್ಮಮ್ಮನ ಮೂಗಿನ ಹತ್ತಿರ ಹೋಗಿ ಒಂದು ಫೋಟೋ ತೆಗೆದು ನನಗೆ ಕಳಿಸಿದ. ಎಫ್ 1.8. ಕಣ್ಣಿನ ರೆಪ್ಪೆ ಒಂದೊಂದೂ ಎಣಿಸಬಹುದಿತ್ತು, ಕೈಯೂ ಹೊಗೆಯಾಗಿರಲಿಲ್ಲ.

ಅಕ್ಕ ಫೋಟೋ ನೋಡಿ, "ಅಮ್ಮನ ವಾಲೆ ಎಲ್ಲೋ? ಕಾಣ್ತಾನೇ ಇಲ್ಲ" ಅಂದಳಂತೆ.

ಎಫ್ 4ಕ್ಕೆ ಇಟ್ಟು, ಎರಡು ಹೆಜ್ಜೆ ಹಿಂದೆ ಹೋಗಿ ಇನ್ನೊಂದು ತೆಗೆದ.